ಸಾವಿರ ಕಡೆ ಇರುವ ಪುಸ್ತಕ

ರೇಡಿಯೋ ಭಾಷಣಕ್ಕೆ ಒಂದು ದೊಡ್ಡ ಅನುಕೂಲವಿದೆ. ಇದನ್ನು ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಪ್ರಸಾರ ಕೇಂದ್ರಕ್ಕೆ ಬೀಳುವ ಖರ್ಚು ಒಂದೇ. ಗುಬ್ಬಿಯಲ್ಲಿ ಇನ್ನಷ್ಟು ಜನ ರೇಡಿಯೋ ಹಾಕಿದರೆಂದು ಕುಣಿಗಲ್ಲಿನಲ್ಲಿ ದನಿ ಸಣ್ಣಗಾಗುವುದಿಲ್ಲ. ಇಂಟರ್ನೆಟ್ಟಿನ ಸ್ವಭಾವ ಬೇರೆ. ಒಂದು ಸರ್ವರಿನಲ್ಲಿ ಇಟ್ಟ ಫೈಲನ್ನು ಕೇಳಿದವರಿಗೆಲ್ಲ ಒಬ್ಬೊಬ್ಬರಿಗೂ ಬೇರೆಬೇರೆಯಾಗಿಯೇ ಕಳಿಸಬೇಕು. ನೂರು ಜನ ಕೇಳಿದರೆ ನೂರು ಸಲ ಕಳಿಸಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಾಲತಾಣ ತೆರೆಯದೆ ಸುತ್ತುತ್ತಲೇ ಇರುವುದು ಇದರಿಂದಲೇ. ಬೇಡಿದವರು ಹೆಚ್ಚಾದರು, ಕೊಡುವ ಕೈ ಒಂದೇ ಆಯಿತು. ಈ ಎರಡಕ್ಕೂ ಸೇರದ ಮೂರನೆಯ ಕ್ರಮವೊಂದಿದೆ. ಅದರಲ್ಲಿ ಬೇಡುವವರು ಹೆಚ್ಚಿದಷ್ಟೂ ಕೊಡುವ ಶಕ್ತಿ ಹೆಚ್ಚುತ್ತದೆ. ಅದರ ಹೆಸರು ಟೊರೆಂಟ್. ನಮ್ಮ ಕಡೆ ಈ ಹೆಸರು ಕೇಳಿಬರುವುದು ಶುಕ್ರವಾರ ಬಿಡುಗಡೆಯಾದ ಸಿನಿಮಾ ಶನಿವಾರ ಕದ್ದು ಹರಿದಾಡಿತು ಎಂಬ ಸುದ್ದಿಯಲ್ಲಿ ಮಾತ್ರ. ಆ ದೂರು ಸುಳ್ಳಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಮೊದಲು ನಾನು ಹೇಳಬೇಕಾದದ್ದು ಇದು: ಕನ್ನಡದ ಹಳೆಯ ಪುಸ್ತಕಗಳನ್ನು ಉಳಿಸಿಕೊಳ್ಳಲು ಇಷ್ಟು ಒಪ್ಪುವ ಇನ್ನೊಂದು ವಿಧಾನ ನಮ್ಮ ಕೈಯಲ್ಲಿಲ್ಲ, ಆದರೆ ವಿಧಾನ ತಾನಾಗಿ ಏನನ್ನೂ ಉಳಿಸುವುದಿಲ್ಲ, ತುಮಕೂರು ಜಿಲ್ಲೆಯ ನಿಟ್ಟೂರಿನಂಥ ಊರುಗಳಲ್ಲಿ ಪ್ರತಿ ಇಟ್ಟುಕೊಂಡು ಕೂರುವವರು ಇದ್ದರಷ್ಟೇ ಅದು ಕೆಲಸ ಮಾಡುತ್ತದೆ.

ಈ ಕ್ರಮವನ್ನು 2001ರಲ್ಲಿ ರೂಪಿಸಿದವರು ಬ್ರಾಮ್ ಕೋಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್. ಅವರು ಇಟ್ಟ ಹೆಸರು ಬಿಟ್‌ಟೊರೆಂಟ್. ಅದು ನಡೆಯುವ ಬಗೆಯನ್ನು ಒಂದು ಪುಸ್ತಕವನ್ನೇ ಹಿಡಿದು ನೋಡೋಣ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ, ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕರ ಹಕ್ಕುಸ್ವಾಮ್ಯ ಅವರು ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. ಆದ್ದರಿಂದ 2007ರ ಜನವರಿ 1ರಿಂದ ಅವರ ‘ಇಂಗ್ಲಿಷ್ ಗೀತಗಳು’ ಎಲ್ಲರ ಸೊತ್ತು; ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಅದರ ಹಳೆಯ ಮುದ್ರಣವೊಂದನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದ ಫೈಲು 40 ಎಂಬಿ ಇದೆ ಎಂದಿಟ್ಟುಕೊಳ್ಳಿ. ಟೊರೆಂಟ್ ಮಾಡುವ ತಂತ್ರಾಂಶ ಈ ಫೈಲನ್ನು ಸಮನಾದ ತುಣುಕುಗಳಾಗಿ ಎಣಿಸಿಕೊಳ್ಳುತ್ತದೆ. ತುಣುಕಿಗೆ 256 ಕೆಬಿ ಎಂದರೆ 160 ತುಣುಕು. ಪ್ರತಿ ತುಣುಕಿನ ಮೇಲೂ ಒಂದು ಗಣಿತದ ಲೆಕ್ಕ ನಡೆಸಿ 20 ಬೈಟುಗಳ ಒಂದು ಗುರುತು ತೆಗೆಯುತ್ತದೆ. ಇದನ್ನು ಹ್ಯಾಶ್ ಅನ್ನುತ್ತಾರೆ. ತುಣುಕಿನೊಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗಿಬಿಡುತ್ತದೆ. 160 ತುಣುಕಿನ ಗುರುತುಗಳು, ಫೈಲಿನ ಹೆಸರು, ಉದ್ದ, ಇವೆಲ್ಲವನ್ನೂ ಬರೆದಿಟ್ಟ ಪುಟ್ಟ ಪಟ್ಟಿಯೇ ಟೊರೆಂಟ್ ಫೈಲು. ಲೆಕ್ಕ ಹಾಕಿ: 160 ಗುರುತುಗಳಿಗೆ ಬೇಕಾದದ್ದು 3,200 ಬೈಟು. 40 ಎಂಬಿ ಪುಸ್ತಕದ ಸಾಕ್ಷಿ ಪತ್ರ 4 ಕೆಬಿಯೊಳಗೆ ಮುಗಿಯುತ್ತದೆ. ಆ ಇಡೀ ಪಟ್ಟಿಗೂ ಮತ್ತೆ ಒಂದು ಗುರುತು ತೆಗೆದರೆ 40 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಮ್ಯಾಗ್ನೆಟ್ ಲಿಂಕ್ ಎಂದು ಕರೆಯುವುದು ಈ ಸಾಲನ್ನು ಹೊತ್ತ ವಿಳಾಸವನ್ನೇ. ಪುಸ್ತಕ ಎಲ್ಲಿದೆ ಎಂದು ಅದು ಹೇಳುವುದಿಲ್ಲ, ಯಾವ ಪುಸ್ತಕ ಎಂದಷ್ಟೇ ಹೇಳುತ್ತದೆ. ಈ ವ್ಯತ್ಯಾಸದ ಮೇಲೆ ನನ್ನ ವಾದವೆಲ್ಲ ನಿಂತಿದೆ, ಆದ್ದರಿಂದ ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಈ ಪುಸ್ತಕ ಬೆಂಗಳೂರಿನ ಒಂದು ಕಂಪ್ಯೂಟರಿನಲ್ಲಿ ಪೂರ್ತಿ ಇದೆ. ಪೂರ್ತಿ ಪ್ರತಿ ಇಟ್ಟುಕೊಂಡು ಕೊಡಲು ಕೂತವರನ್ನು ಸೀಡರ್ ಅನ್ನುತ್ತಾರೆ. ಜಿಲ್ಲೆಯ ನೂರು ಗ್ರಂಥಾಲಯಗಳು ಒಟ್ಟಿಗೆ ಕೇಳಿದವು. ಬೆಂಗಳೂರಿನ ಲೈನು ಸೆಕೆಂಡಿಗೆ 10 ಮೆಗಾಬಿಟ್ ಕಳಿಸಬಲ್ಲದು ಅನ್ನಿ. ಹಳೆಯ ಕ್ರಮದಲ್ಲಾದರೆ ಒಂದು ಪ್ರತಿಗೆ 32 ಸೆಕೆಂಡು, ನೂರು ಪ್ರತಿಗೆ 53 ನಿಮಿಷ. ಟೊರೆಂಟಿನಲ್ಲಿ ಸೀಡರ್ ನಿಟ್ಟೂರಿಗೆ 7ನೆಯ ತುಣುಕು ಕೊಟ್ಟರೆ ಕಡಬಕ್ಕೆ 90ನೆಯದನ್ನು ಕೊಡುತ್ತದೆ, ಚೇಳೂರಿಗೆ 131ನೆಯದನ್ನು. ಆಮೇಲೆ ಕಡಬದವರು 7ನೆಯದನ್ನು ಬೆಂಗಳೂರಿನಿಂದ ಕೇಳಬೇಕಾಗಿಲ್ಲ, ನಿಟ್ಟೂರಿನಿಂದ ತೆಗೆದುಕೊಳ್ಳುತ್ತಾರೆ. ಒಂದೇ ಪಠ್ಯಪುಸ್ತಕದ ಹಾಳೆ ಬಿಡಿಸಿ ಇಡೀ ತರಗತಿಗೆ ಹಂಚಿ, ಒಬ್ಬರದನ್ನೊಬ್ಬರು ನೋಡಿ ಬರೆದುಕೊಂಡ ಹಾಗೆ. ನೂರು ಗ್ರಂಥಾಲಯಗಳೂ ತಲಾ 2 ಮೆಗಾಬಿಟ್ ಹೊರಗೆ ಕಳಿಸಬಲ್ಲವಾದರೆ ಒಟ್ಟು ಶಕ್ತಿ 210 ಮೆಗಾಬಿಟ್ ಆಯಿತು. 53 ನಿಮಿಷದ ಕೆಲಸ ಎರಡೂವರೆ ನಿಮಿಷಕ್ಕೆ ಇಳಿಯಿತು. ಇದು ಕಾಗದದ ಮೇಲಿನ ಲೆಕ್ಕ. ಹಳ್ಳಿಯ ಲೈನು, ಹಳೆಯ ಕಂಪ್ಯೂಟರು ಸೇರಿದರೆ ಇಷ್ಟು ಸಲೀಸಾಗಿ ನಡೆಯದು. ಆದರೆ ಬೆಂಗಳೂರಿನ ಆ ಒಂದು ಯಂತ್ರಕ್ಕೆ ಬೀಳುವ ಹೊರೆ ಹಳೆಯ ಕ್ರಮದ ಒಂದು ಸಣ್ಣ ಪಾಲಿಗೆ ಇಳಿಯುತ್ತದೆ ಅನ್ನುವುದು ನಿಜ.

ಈ ಹಂಚಿಕೆಗೆ ಮೇಸ್ತ್ರಿ ಯಾರೂ ಇಲ್ಲ. ಪ್ರತಿ ಯಂತ್ರವೂ ಎರಡು ನಿಯಮ ಪಾಲಿಸುತ್ತದೆ, ಅಷ್ಟೆ. ಮೊದಲನೆಯದು, ಗುಂಪಿನಲ್ಲಿ ಯಾವ ತುಣುಕು ಕಡಿಮೆ ಜನರ ಬಳಿ ಇದೆಯೋ ಅದನ್ನು ಮೊದಲು ಕೇಳು. ಎಲ್ಲರ ಬಳಿಯೂ ಇರುವ ತುಣುಕು ಯಾವಾಗಲಾದರೂ ಸಿಗುತ್ತದೆ. ಒಬ್ಬರ ಬಳಿ ಮಾತ್ರ ಇರುವುದು, ಅವರು ಕಂಪ್ಯೂಟರ್ ಆರಿಸಿದರೆ ಹೋಯಿತು. ಎರಡನೆಯದು, ನಿನಗೆ ಚೆನ್ನಾಗಿ ಕೊಡುತ್ತಿರುವವರಿಗೆ ನೀನೂ ಚೆನ್ನಾಗಿ ಕೊಡು. ಪ್ರತಿ 10 ಸೆಕೆಂಡಿಗೊಮ್ಮೆ ಈ ಲೆಕ್ಕ ಹೊಸದಾಗಿ ಆಗುತ್ತದೆ. ಬರೀ ತೆಗೆದುಕೊಂಡು ಏನೂ ಕೊಡದವರು ಸಾಲಿನಲ್ಲಿ ಹಿಂದೆ ಬೀಳುತ್ತಾರೆ. ಹಾಗಾದರೆ ಬರಿಗೈಲಿ ಬಂದ ಹೊಸಬರ ಗತಿ? ಅದಕ್ಕೂ ಕೋಹೆನ್ ದಾರಿ ಮಾಡಿದ್ದಾರೆ. 30 ಸೆಕೆಂಡಿಗೊಮ್ಮೆ, ಹಿಂದುಮುಂದು ನೋಡದೆ ಯಾರೋ ಒಬ್ಬರಿಗೆ ಒಂದು ಅವಕಾಶ ತೆರೆಯುತ್ತದೆ. ಆ ಮೊದಲ ತುಣುಕು ಸಿಕ್ಕ ಮೇಲೆ ಹೊಸಬರಿಗೂ ಕೊಡಲು ಏನಾದರೂ ಇರುತ್ತದೆ. ಇನ್ನು ಯಾರ ಬಳಿ ಏನಿದೆ ಎಂದು ತಿಳಿಯುವ ಬಗೆ. ಆರಂಭದಲ್ಲಿ ಟ್ರ್ಯಾಕರ್ ಎಂಬ ಯಂತ್ರವೊಂದು ಹೆಸರಿನ ಪಟ್ಟಿ ಇಟ್ಟುಕೊಳ್ಳುತ್ತಿತ್ತು. ಅದು ಮತ್ತೆ ಒಂದೇ ಕಡೆ ನಿಂತ ಕಂಬ. 1999ರಲ್ಲಿ ಬಂದ ನ್ಯಾಪ್‌ಸ್ಟರ್ ಮುಚ್ಚಿದ್ದು ಪಟ್ಟಿ ಒಂದೇ ಕಡೆ ಇದ್ದದ್ದರಿಂದಲೇ. ಕೋರ್ಟಿನ ಆದೇಶ ಆ ಒಂದು ಬಾಗಿಲಿಗೆ ತಲುಪಿದರೆ ಸಾಕಾಯಿತು. 2005ರ ಹೊತ್ತಿಗೆ ಬಿಟ್‌ಟೊರೆಂಟಿನಲ್ಲಿ ಆ ಪಟ್ಟಿಯನ್ನೂ ಚೂರುಚೂರು ಮಾಡಿ, ಬಳಸುವವರ ಯಂತ್ರಗಳಲ್ಲೇ ಹಂಚಿಡುವ ವ್ಯವಸ್ಥೆ ಬಂತು. ನಿಮ್ಮ ಯಂತ್ರ ಪಕ್ಕದ ಯಂತ್ರವನ್ನು ಕೇಳುತ್ತದೆ, ಅದು ತನಗಿಂತ ಹತ್ತಿರದ ಇನ್ನೊಂದನ್ನು ತೋರಿಸುತ್ತದೆ. ಲಕ್ಷಗಟ್ಟಲೆ ಯಂತ್ರಗಳಿದ್ದರೂ ಕೆಲವೇ ಹೆಜ್ಜೆಗಳಲ್ಲಿ ಪುಸ್ತಕ ಇರುವ ಮನೆ ಸಿಗುತ್ತದೆ.

ಒಂದು ಕೃತಿ ಹಲವು ಕಡೆ ಇರಬೇಕು ಎಂಬ ತಿಳಿವಳಿಕೆ ಕನ್ನಡಕ್ಕೆ ಕಂಪ್ಯೂಟರಿನಿಂದ ಬಂದದ್ದಲ್ಲ. ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ ಇದೆ. ಅಲ್ಲಿ ಪೂಜೆಗೊಂಡ ಹದಿನಾರನೆಯ ತೀರ್ಥಂಕರರ ಚರಿತೆಯನ್ನೇ ಹತ್ತನೆಯ ಶತಮಾನದಲ್ಲಿ ಪೊನ್ನ ಕವಿ ‘ಶಾಂತಿಪುರಾಣ’ವಾಗಿ ಬರೆದ. ದಾನಚಿಂತಾಮಣಿ ಅತ್ತಿಮಬ್ಬೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಓಲೆಗರಿಯ ಮೇಲೆ ಕಂಟದಿಂದ ಕೊರೆಯುವ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಎಷ್ಟು ದಿನದ ದುಡಿಮೆ ಎಂದು ಊಹಿಸಿ. ಆ ಕಾವ್ಯ ಇವತ್ತಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಇಲ್ಲ. ಬೇರೆ ಗ್ರಂಥಗಳಲ್ಲಿ ಸಿಕ್ಕುವ ಕೆಲವು ಪದ್ಯ ಬಿಟ್ಟರೆ ಅದು ಹೋಗಿಬಿಟ್ಟಿದೆ. ರನ್ನನ ‘ಪರಶುರಾಮಚರಿತೆ’ಯೂ ಇಲ್ಲ, ಒಂದನೆಯ ಗುಣವರ್ಮನ ‘ಶೂದ್ರಕ’ವೂ ಇಲ್ಲ. ಉಳಿದದ್ದೆಲ್ಲ ಪ್ರತಿಗಳ ಸಂಖ್ಯೆಯಿಂದ ಮಾತ್ರ ಉಳಿಯಿತು ಎಂದು ನಾನು ಹೇಳುತ್ತಿಲ್ಲ. ಧರ್ಮದ ಆಸರೆ, ಮಠ-ಬಸದಿಗಳ ಭಂಡಾರ, ಓದುವ ಪರಂಪರೆ ಎಲ್ಲವೂ ಸೇರಿ ಕೃತಿಯನ್ನು ಕಾಯುತ್ತವೆ. ಆದರೆ ಬೆಂಕಿ, ನೀರು, ಗೆದ್ದಲು ಈ ಮೂರಕ್ಕೂ ಎದುರು ನಿಲ್ಲಬಲ್ಲದ್ದು ಬೇರೊಂದು ಊರಿನಲ್ಲಿರುವ ಇನ್ನೊಂದು ಪ್ರತಿ ಮಾತ್ರ.

ಡಿಜಿಟಲ್ ಕಾಲದಲ್ಲಿ ಗೆದ್ದಲಿನ ಭಯವಿಲ್ಲ ಎನ್ನುವವರು ಬೆಂಗಳೂರಿನ ಒಂದು ಕಥೆಯನ್ನು ನೋಡಬೇಕು. 2000ದ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ದೊಡ್ಡ ಕೆಲಸ ಶುರುವಾಯಿತು. ದೇಶದ ಹಲವು ಗ್ರಂಥಾಲಯಗಳ ಲಕ್ಷಗಟ್ಟಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು; ಅವುಗಳಲ್ಲಿ ಸಾವಿರಾರು ಕನ್ನಡದವು. ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ತಪ್ಪುತಪ್ಪಾಗಿ ಬರೆದಿದ್ದರಿಂದ ಹುಡುಕುವುದೇ ಕಷ್ಟವಾಗಿತ್ತು. ಸಂಚಯ ಎಂಬ ತಂಡದವರು ‘ಪುಸ್ತಕ ಸಂಚಯ’ ಕಟ್ಟಿ, ಓದುಗರ ಕೈಲೇ ಹೆಸರುಗಳನ್ನು ಕನ್ನಡಕ್ಕೆ ತಿದ್ದಿಸಿ, ಆ ಕಾಡಿನಲ್ಲಿ ದಾರಿ ಮಾಡಿದರು. ಆಮೇಲೆ ಹಕ್ಕುಸ್ವಾಮ್ಯದ ತಕರಾರುಗಳ ನಡುವೆ ಆ ಮೂಲ ತಾಣವೇ ಸಾರ್ವಜನಿಕರಿಗೆ ಸಿಗದಂತಾಯಿತು. ಇಷ್ಟು ವರ್ಷದ ಕೆಲಸ ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯದೇ ಹೋದದ್ದು ಕಾರ್ಲ್ ಮಲಮುದ್ ಎಂಬ ಅಮೆರಿಕದವರು ಅಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿ ತೆಗೆದು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಇಟ್ಟಿದ್ದರಿಂದ. ಈಗಲೂ ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಹೆಸರಿನಲ್ಲಿ ಸ್ಕ್ಯಾನಿಂಗ್ ನಡೆದಿದೆ. ಆ ಕನ್ನಡ ಪುಸ್ತಕಗಳೂ ಅಲ್ಲಿಗೇ ಸೇರುತ್ತಿವೆ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ಇತ್ತು, ಬದುಕಿದೆವು. ಆದರೆ ಈಗ ಆ ಇನ್ನೊಂದೇ ಒಂದಾಗಿ ನಿಂತಿದೆ. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಸಿನಿಮಾಗಳ ಕಳ್ಳ ಪ್ರತಿ ತಡೆಯಲು ಮದ್ರಾಸ್ ಹೈಕೋರ್ಟಿನಿಂದ ತಂದ ಆದೇಶದ ಪಟ್ಟಿಯಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ವಿಳಾಸಗಳಿದ್ದವು. ಅವುಗಳ ಜೊತೆ ಇಂಟರ್ನೆಟ್ ಆರ್ಕೈವ್ ಕೂಡ ಭಾರತದಲ್ಲಿ ತೆರೆಯದಂತಾಯಿತು. ಯಾವುದೋ ಹಿಂದಿ ಸಿನಿಮಾಕ್ಕಾಗಿ ಪಂಜೆ ಮಂಗೇಶರಾಯರ ಪುಸ್ತಕಕ್ಕೆ ಬೀಗ ಬಿತ್ತು. ತಡೆ ಬೇಗ ತೆರವಾಯಿತು ನಿಜ. 2024ರ ಅಕ್ಟೋಬರ್‌ನಲ್ಲಿ ಅದೇ ತಾಣದ ಮೇಲೆ ಸೈಬರ್ ದಾಳಿ ನಡೆದು ಕೆಲವು ದಿನ ಪೂರ್ತಿ ಮುಚ್ಚಿತ್ತು. ವಿಳಾಸ ಒಂದೇ ಆದರೆ ಕೋರ್ಟಿನ ಕಾಗದವಾಗಲಿ, ಕಳ್ಳನ ಕೈಯಾಗಲಿ ಅಷ್ಟೇ ಸುಲಭವಾಗಿ ಅಲ್ಲಿಗೆ ತಲುಪುತ್ತದೆ.

ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಇಂಟರ್ನೆಟ್ ಆರ್ಕೈವ್ 2012ರಿಂದಲೇ ತನ್ನ ಪುಸ್ತಕಗಳಿಗೆ ಟೊರೆಂಟ್ ಫೈಲುಗಳನ್ನೂ ಕೊಡುತ್ತಿದೆ. ಒಂದು ಕನ್ನಡ ಪುಸ್ತಕದ ಪುಟ ತೆರೆದರೆ ಪಿಡಿಎಫ್‌ನ ಪಕ್ಕದಲ್ಲೇ ಟೊರೆಂಟ್ ಕೊಂಡಿಯೂ ಇರುತ್ತದೆ. ಹಾಗಿದ್ದ ಮೇಲೆ ದಾಳಿಯ ದಿನಗಳಲ್ಲಿ ಆ ಪುಸ್ತಕಗಳು ಬೇರೆ ಕಡೆಯಿಂದ ಸಿಗಬೇಕಾಗಿತ್ತಲ್ಲ? ಜನ ಇಟ್ಟುಕೊಂಡಿದ್ದರೆ ಸಿಗುತ್ತಿತ್ತು. ಹೆಚ್ಚಿನ ಪುಸ್ತಕಗಳಿಗೆ ಆರ್ಕೈವ್‌ನ ಯಂತ್ರವೇ ಏಕೈಕ ಸೀಡರ್. ಆ ಯಂತ್ರ ಆರಿದರೆ 4 ಕೆಬಿಯ ಸಾಕ್ಷಿ ಪತ್ರ ಕೈಯಲ್ಲಿ ಇರುತ್ತದೆ, ಪುಸ್ತಕ ಇರುವುದಿಲ್ಲ. ಟೊರೆಂಟಿನ ಎರಡು ನಿಯಮಗಳ ಮಿತಿ ಇಲ್ಲೇ ಕಾಣುವುದು. ಕೊಟ್ಟವರಿಗೆ ಕೊಡು ಎಂಬ ನಿಯಮ, ಪುಸ್ತಕ ಪೂರ್ತಿ ಇಳಿಯುವವರೆಗೆ ನಮ್ಮನ್ನು ಕೊಡುವಂತೆ ಮಾಡುತ್ತದೆ. 160ನೆಯ ತುಣುಕು ಬಂದ ಕ್ಷಣದಿಂದ ನಮಗೆ ಯಾರಿಂದಲೂ ಏನೂ ಬೇಡ. ಆಮೇಲೆ ತಂತ್ರಾಂಶ ಮುಚ್ಚದೆ ಇಟ್ಟರೆ ಅದು ಬರೀ ನಮ್ಮ ಇಷ್ಟ. ಹೊಸ ಸಿನಿಮಾಕ್ಕೆ ಹತ್ತು ಸಾವಿರ ಜನ ಒಟ್ಟಿಗೆ ಬೀಳುತ್ತಾರೆ, ಅಲ್ಲಿ ಗುಂಪು ತಾನಾಗಿ ನಡೆಯುತ್ತದೆ. ಎಂ.ಎಸ್. ಪುಟ್ಟಣ್ಣನವರ ಕಾದಂಬರಿಯನ್ನು ತಿಂಗಳಿಗೊಬ್ಬರು ಕೇಳಬಹುದು. ಅವರು ಕೇಳಿದ ರಾತ್ರಿ ಯಾರಾದರೂ ಕಂಪ್ಯೂಟರ್ ಹಚ್ಚಿಟ್ಟಿರಬೇಕು. ತಂತ್ರಜ್ಞಾನ ಅತ್ತಿಮಬ್ಬೆಯ ಖರ್ಚನ್ನು ಸೊನ್ನೆಗೆ ಹತ್ತಿರ ತಂದಿದೆ, ಅತ್ತಿಮಬ್ಬೆಯ ಜಾಗ ಇನ್ನೂ ಖಾಲಿಯಿದೆ. ಆ ಜಾಗಕ್ಕೆ ಬರಬೇಕಾದವು ನಮ್ಮ ಸಾರ್ವಜನಿಕ ಸಂಸ್ಥೆಗಳು ಎಂಬುದೇ ನನ್ನ ಮಾತಿನ ತಿರುಳು.

ಇದಕ್ಕೆ ಎದುರಾಗುವ ದೊಡ್ಡ ಆಕ್ಷೇಪ ಕಳ್ಳತನದ್ದು. ಸಿನಿಮಾ ಕದಿಯುವ ಹಾದಿಯನ್ನು ಸರ್ಕಾರಿ ಗ್ರಂಥಾಲಯದೊಳಗೆ ತರುವುದೇ ಎಂದು ಯಾರಾದರೂ ಕೇಳಿದರೆ ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವ ಹಾಗಿಲ್ಲ. ಗುಬ್ಬಿ ವೀರಣ್ಣನವರ ಊರಿನ ಸುತ್ತಿನವರಿಗೆ ನಾಟಕ-ಸಿನಿಮಾದ ಹಿಂದಿನ ಬೆವರು ಗೊತ್ತು. ಸಣ್ಣ ಬಂಡವಾಳದ ಕನ್ನಡ ಚಿತ್ರಕ್ಕೆ ಮೊದಲ ವಾರದ ಗಳಿಕೆ ಹೋದರೆ ಎಲ್ಲವೂ ಹೋದ ಹಾಗೆ. ಅದಕ್ಕೇ ಕಾನೂನು ಬಿಗಿಯಾಗಿದೆ. ರಾಜ್ಯದ ಗೂಂಡಾ ಕಾಯ್ದೆಯ ವ್ಯಾಪ್ತಿಗೆ 2014ರಲ್ಲಿ ವಿಡಿಯೋ-ಆಡಿಯೋ ಪೈರಸಿಯೂ ಸೇರಿತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಂದ ತಿದ್ದುಪಡಿಯಂತೆ ಅಪರಾಧಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರ ತಯಾರಿಕೆಯ ಖರ್ಚಿನ ಶೇ. 5ರವರೆಗೂ ಹೋಗಬಹುದು. ಟೊರೆಂಟ್ ಬಳಸುವ ಯುವಕರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಈ ಕ್ರಮದಲ್ಲಿ ಇಳಿಸಿಕೊಳ್ಳುವವನು ಅದೇ ಹೊತ್ತಿಗೆ ಹಂಚುವವನೂ ಆಗಿರುತ್ತಾನೆ. ಕದ್ದ ಸಿನಿಮಾವನ್ನು ಬರೀ ನೋಡಿದೆ ಎಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅವನ ಯಂತ್ರದ ವಿಳಾಸ ಗುಂಪಿನ ಎಲ್ಲರಿಗೂ ಕಾಣುತ್ತಿರುತ್ತದೆ. ಇಷ್ಟೆಲ್ಲ ಒಪ್ಪಿದ ಮೇಲೂ ಆಕ್ಷೇಪ ವಿಧಾನಕ್ಕೆ ತಗಲುವುದಿಲ್ಲ. ನಮ್ಮ ಕಾನೂನು ಕದ್ದ ಪ್ರತಿಯನ್ನು ನಿಷೇಧಿಸಿದೆ, ತುಣುಕು ಮಾಡಿ ಹಂಚುವ ಕ್ರಮವನ್ನು ನಿಷೇಧಿಸಿಲ್ಲ. 2009ರಲ್ಲಿ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಬರ್ಗೆನ್‌ನಿಂದ ಓಸ್ಲೋವರೆಗಿನ ಏಳು ಗಂಟೆಗೂ ಮೀರಿದ ರೈಲು ಪ್ರಯಾಣವನ್ನು ಪ್ರಸಾರ ಮಾಡಿ, ಆಮೇಲೆ ಆ ಭಾರಿ ವಿಡಿಯೋವನ್ನು ಟೊರೆಂಟಿನಲ್ಲೇ ಜನರಿಗೆ ಕೊಟ್ಟಿತು. 2010ರಲ್ಲಿ ಬ್ರಿಟನ್ ಸರ್ಕಾರ ತನ್ನ ಖರ್ಚುವೆಚ್ಚದ ದೊಡ್ಡ ದತ್ತಾಂಶವನ್ನು ಹೀಗೆಯೇ ಬಿಡುಗಡೆ ಮಾಡಿತು. ಡೆಬಿಯನ್, ಉಬುಂಟು ಮುಂತಾದ ಮುಕ್ತ ತಂತ್ರಾಂಶಗಳು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿವೆ.

ಗ್ರಂಥಾಲಯ ಯಾವುದನ್ನು ಇಡಬಹುದು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆಯಬಹುದು. ಮುದ್ದಣ, ಎಂ.ಎಸ್. ಪುಟ್ಟಣ್ಣ, ಪಂಜೆ, ಬಿ.ಎಂ.ಶ್ರೀ, ಕೈಲಾಸಂ ಇವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಮುಕ್ತ. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರ ಪುಸ್ತಕಗಳಿಗೆ 2035ರ ಕೊನೆಯವರೆಗೆ, ಕುವೆಂಪು ಅವರ ಪುಸ್ತಕಗಳಿಗೆ 2054ರ ಕೊನೆಯವರೆಗೆ ಹಕ್ಕುಳ್ಳವರ ಒಪ್ಪಿಗೆ ಬೇಕು. ಸಿನಿಮಾದ ಲೆಕ್ಕ ಬೇರೆ, ಅದು ಬಿಡುಗಡೆಯಾದ ವರ್ಷದ ನಂತರದ 60 ವರ್ಷ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ತೆಗೆದ ‘ಬೇಡರ ಕಣ್ಣಪ್ಪ’ 1954ರದು. ಚಿತ್ರದ ಹಕ್ಕಿನ ಅವಧಿ 2014ರ ಕೊನೆಗೆ ಮುಗಿದಿದೆ, ಅದರೊಳಗಿನ ಸಾಹಿತ್ಯ-ಸಂಗೀತದ ಹಕ್ಕನ್ನು ಮಾತ್ರ ಬೇರೆಯಾಗಿ ವಿಚಾರಿಸಬೇಕು. ವಕೀಲರೊಬ್ಬರು ಕೂತು ಒಮ್ಮೆ ಪಟ್ಟಿ ಮಾಡಿಕೊಟ್ಟರೆ ಗ್ರಂಥಪಾಲಕರಿಗೆ ಗೊಂದಲ ಉಳಿಯುವುದಿಲ್ಲ.

ವೈರಸ್ ಬಂದರೆ ಎಂದು ಕೇಳುವವರಿಗೆ ಉತ್ತರ ಸ್ವಲ್ಪ ಸೂಕ್ಷ್ಮವಾದದ್ದು. ಗುರುತಿನ ಲೆಕ್ಕ ಒಂದನ್ನು ಖಾತ್ರಿ ಮಾಡುತ್ತದೆ: ಪಟ್ಟಿ ಬರೆದವರು ಇಟ್ಟದ್ದೇ ನಿಮಗೆ ಬಂದಿದೆ, ನಡುವೆ ಯಾರೂ ಕೈಯಾಡಿಸಿಲ್ಲ. ಪಟ್ಟಿ ಬರೆದವರೇ ಕೆಟ್ಟದ್ದನ್ನು ಇಟ್ಟಿದ್ದರೆ ಅದೂ ಅಷ್ಟೇ ಖಾತ್ರಿಯಾಗಿ ಬರುತ್ತದೆ. ಆದ್ದರಿಂದ ಪಟ್ಟಿ ಯಾರದು ಎನ್ನುವುದು ಮುಖ್ಯ. ವಾಟ್ಸಾಪ್ ಗುಂಪುಗಳಲ್ಲಿ ಈಗಲೂ ಕನ್ನಡ ಪಿಡಿಎಫ್‌ಗಳು ಕೈಯಿಂದ ಕೈಗೆ ಹೋಗುತ್ತಿವೆ, ಪ್ರತಿಗಳಿಗೇನೂ ಬರವಿಲ್ಲ. ಆದರೆ ಅದರಲ್ಲಿ ಪುಟ ಬಿಟ್ಟುಹೋಗಿದೆಯೋ, ಯಾರಾದರೂ ತಮ್ಮ ಮೊಹರು ಒತ್ತಿದ್ದಾರೋ, ಪಡೆದವರಿಗೆ ತಿಳಿಯುವ ದಾರಿಯೇ ಇಲ್ಲ. ಟೊರೆಂಟ್ ಕೊಡುವುದು ಆ ದಾರಿಯನ್ನು. ಹಳೆಯ ಗುರುತಿನ ಲೆಕ್ಕವಾದ ಶಾ-1 ಅನ್ನು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಮುರಿದು ತೋರಿಸಿದರು ಎಂಬುದೂ ನಿಜ. ಒಂದೇ ಗುರುತು ಬರುವ ಎರಡು ಬೇರೆ ಪಿಡಿಎಫ್‌ಗಳನ್ನು ಅವರು ಮಾಡಿದರು. ಬಿಟ್‌ಟೊರೆಂಟಿನ ಎರಡನೆಯ ಆವೃತ್ತಿ ಇನ್ನೂ ಗಟ್ಟಿಯಾದ ಶಾ-256 ಬಳಸುತ್ತದೆ. ಹೊಸದಾಗಿ ಮಾಡುವ ಪಟ್ಟಿಗಳನ್ನು ಅದರಲ್ಲೇ ಮಾಡಬೇಕು.

ಹಳ್ಳಿಯ ಲೈನಿಗೆ ಇದು ಆಗುವ ಮಾತೇ ಎಂಬುದು ಇನ್ನೊಂದು ಪ್ರಶ್ನೆ. ಮೊಬೈಲಿನ ದಿನದ ಡೇಟಾದಲ್ಲಿ ಸೀಡ್ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಕೂಡಿಸುವುದರಿಂದ ಹೊರಗಿನವರು ನಮ್ಮ ಬಾಗಿಲು ತಟ್ಟುವುದೂ ಕಷ್ಟ. ಮಾತು ಗ್ರಾಮ ಪಂಚಾಯಿತಿ ಗ್ರಂಥಾಲಯದ್ದು, ಈಗ ಅರಿವು ಕೇಂದ್ರ ಎಂದು ಕರೆಯುವುದರದ್ದು. ಪಂಚಾಯಿತಿಗಳಿಗೆ ಭಾರತ್‌ನೆಟ್ ಕೇಬಲ್ ಎಳೆಯುವ ಕೆಲಸ ವರ್ಷಗಳಿಂದ ನಡೆದಿದೆ, ಕೇಂದ್ರಗಳಿಗೆ ಕಂಪ್ಯೂಟರ್ ಬರುತ್ತಿವೆ. 40 ಎಂಬಿಯಂತೆ ಸಾವಿರ ಪುಸ್ತಕ 40 ಜಿಬಿ, ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಹತ್ತು ಸಾವಿರ ಪುಸ್ತಕ ಒಂದು ಸಾಧಾರಣ ಹಾರ್ಡ್‌ಡಿಸ್ಕ್‌ನಲ್ಲಿ. ಹೊರಗೆ ಕಳಿಸುವ ವೇಗಕ್ಕೆ ಮಿತಿ ಹಾಕಲು ತಂತ್ರಾಂಶದಲ್ಲೇ ಅವಕಾಶವಿದೆ. ಕರೆಂಟು ಹೋಗುವ ಊರಿಗೆ ಈ ಕ್ರಮ ಬೇರೆಲ್ಲದಕ್ಕಿಂತ ಹೆಚ್ಚು ಒಗ್ಗುತ್ತದೆ: 160ರಲ್ಲಿ 90 ತುಣುಕು ಬಂದಾಗ ಕರೆಂಟು ಹೋದರೆ, ಬಂದ ಮೇಲೆ ಉಳಿದ 70ನ್ನು ಮಾತ್ರ ಕೇಳುತ್ತದೆ. ಒಂದೇ ಕಟ್ಟಡದ ಕಂಪ್ಯೂಟರುಗಳು ಪರಸ್ಪರರನ್ನು ಗುರುತಿಸಿ ಒಳಗೊಳಗೇ ತುಣುಕು ಹಂಚಿಕೊಳ್ಳುವ ಸೌಲಭ್ಯವೂ ಇದೆ. ಅಂದರೆ ನಿಟ್ಟೂರಿನ ಒಂದು ಶಾಲೆಯ ಲ್ಯಾಬಿನಲ್ಲಿ ಹತ್ತು ಯಂತ್ರಗಳಿದ್ದರೆ ಹೊರಗಿನ ಲೈನಿನಿಂದ ಪುಸ್ತಕ ಹೆಚ್ಚುಕಡಿಮೆ ಒಂದು ಸಲ ಬಂದರೆ ಸಾಕು. ಹಳ್ಳಿಯಲ್ಲಿ ಇಂಥದ್ದನ್ನು ನಡೆಸುವವರು ಯಾರು ಎಂದು ಕೇಳುವವರು ದೇವರಾಯನದುರ್ಗದ ಕಡೆ ದುರ್ಗದಹಳ್ಳಿಗೆ ಹೋಗಿ ನೋಡಬಹುದು. ಜನಸ್ತು ಎಂಬ ಸಂಸ್ಥೆ ಅಲ್ಲಿ ಊರಿನವರ ಜೊತೆ ಸೇರಿ ವೈಫೈ ಜಾಲ ಕಟ್ಟಿದೆ. ಮನೆಯಿಂದ ಮನೆಗೆ ಸಂಕೇತ ದಾಟಿಸುವ ಮೆಶ್ ಜಾಲ ಅದು. ಅದು ಟೊರೆಂಟ್ ಅಲ್ಲ. ಆದರೆ ದೂರದ ಸರ್ವರನ್ನು ಕಾಯದೆ ಊರಿನ ಜಾಲ ಊರಿನಲ್ಲೇ ನಡೆಯಬಲ್ಲದು ಎಂಬುದಕ್ಕೆ ತುಮಕೂರು ಜಿಲ್ಲೆಯದೇ ಸಾಕ್ಷಿ.

ಕೆಲಸ ಶುರುವಾಗಬೇಕಾದದ್ದು ಜಿಲ್ಲಾ ಮಟ್ಟದಲ್ಲಿ. ತುಮಕೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯವೋ ವಿಶ್ವವಿದ್ಯಾಲಯವೋ ಹಕ್ಕು ಮುಗಿದ ಕನ್ನಡ ಪುಸ್ತಕಗಳ ಪಟ್ಟಿ ಮಾಡಿ, ಸ್ಕ್ಯಾನ್ ಸರಿಯಿದೆಯೇ, ಪುಟ ಪೂರ್ತಿಯಿವೆಯೇ ಎಂದು ಕಣ್ಣಿಂದ ನೋಡಿ, ಪ್ರತಿ ಪುಸ್ತಕದ ಗುರುತಿನ ಸಾಲನ್ನು ತನ್ನ ಹೆಸರಿನಲ್ಲಿ ಪ್ರಕಟಿಸಬೇಕು. ಅದು ಒಂದು ಸಾಲು, ಅಷ್ಟೆ. ಜಾಲತಾಣ ಬಿದ್ದರೂ ಉಳಿಯುವಂತೆ ಕಾಗದದಲ್ಲಿ ಅಚ್ಚು ಹಾಕಬಹುದು, ಪಂಚಾಯಿತಿ ಫಲಕಕ್ಕೆ ಅಂಟಿಸಬಹುದು. ಆ ಸಾಲು ಗೊತ್ತಿದ್ದವರಿಗೆ, ಜಗತ್ತಿನ ಯಾವ ಮೂಲೆಯಲ್ಲಾದರೂ ಒಂದು ಪ್ರತಿ ಬದುಕಿದ್ದರೆ ಅದು ಸಿಗುತ್ತದೆ, ಸಿಕ್ಕದ್ದು ಅದೇ ಎಂದು ಖಾತ್ರಿಯೂ ಆಗುತ್ತದೆ. ಯಾವ ಪುಸ್ತಕ ಮೊದಲು ಎಂಬ ಪ್ರಶ್ನೆ ಬರುತ್ತದೆ. ಜನಪ್ರಿಯವಾದವನ್ನು ಮೊದಲು ಇಡೋಣ ಎಂಬ ಒತ್ತಡ ಖಂಡಿತ ಇರುತ್ತದೆ, ಅದಕ್ಕೆ ಬಗ್ಗಬಾರದು. ಅವುಗಳ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಕೋಹೆನ್ ಯಂತ್ರಕ್ಕೆ ಹೇಳಿಕೊಟ್ಟ ಮೊದಲ ನಿಯಮವನ್ನು ಗ್ರಂಥಪಾಲಕರೂ ಪಾಲಿಸಲಿ. ಟೊರೆಂಟ್ ತಂತ್ರಾಂಶದಲ್ಲಿ ಪ್ರತಿ ಪುಸ್ತಕದ ಮುಂದೆ ಸೀಡರ್ ಎಷ್ಟು ಜನ ಎಂಬ ಅಂಕಿ ಕಾಣುತ್ತದೆ. ಯಾವ ಕನ್ನಡ ಪುಸ್ತಕದ ಮುಂದೆ ಅಲ್ಲಿ ಒಂದು ಎಂದು ಬರೆದಿದೆಯೋ ಅದನ್ನು ಮೊದಲು ಇಳಿಸಿಕೊಳ್ಳಲಿ, ಇಳಿದ ಮೇಲೆ ಕಂಪ್ಯೂಟರ್ ಆರಿಸದೆ ಬಿಡಲಿ. ಮಾರನೆಯ ದಿನ ನೋಡಿದರೆ ಆ ಜಾಗದಲ್ಲಿ ಎರಡು ಎಂದಿರುತ್ತದೆ.